ಸ್ಕೋರ್ ಬಿದ್ದಿದ್ಯಾ? ಮೊದಲು ರಿಪೋರ್ಟ್ ಓದಿ

ಪ್ಲೇಸ್‌ಮೆಂಟ್ ಹತ್ತಿರ ಬಂದ್ರೆ ಎಲ್ರೂ ಸಿಜಿಪಿಎ ಬಗ್ಗೆ ತಲೆ ಕೆಡಿಸ್ಕೊಳ್ತೀವಿ. ಇನ್ನೊಂದು ನಂಬರ್ ನಮ್ಮ ಪ್ಯಾನ್ ಕಾರ್ಡ್ ಹಿಂದೆ ಸದ್ದಿಲ್ಲದೆ ತಯಾರಾಗ್ತಿರುತ್ತೆ. ಅದೇ ಕ್ರೆಡಿಟ್ ಸ್ಕೋರ್, ಮನೆಮಾತಲ್ಲಿ 'ಸಿಬಿಲ್'. 300ರಿಂದ 900ರ ನಡುವಿನ ಅಂಕಿ. 750ರ ಮೇಲಿದ್ರೆ ಸಾಮಾನ್ಯವಾಗಿ ಬ್ಯಾಂಕ್‌ನವರು ನಗ್ತಾ ಮಾತಾಡ್ತಾರೆ. ಐಬಿಪಿಎಸ್ ಮೂಲಕ ಬ್ಯಾಂಕ್ ಕೆಲಸಕ್ಕೆ ಹೋಗೋರಿಗೂ ಕ್ರೆಡಿಟ್ ಇತಿಹಾಸ ಸರಿಯಾಗಿರಬೇಕು ಅನ್ನೋ ಷರತ್ತಿದೆ.

'ನಾನೆಲ್ಲಿ ಸಾಲ ಮಾಡಿದ್ದೀನಿ?' ಅಂತ ಕೇಳ್ಬಹುದು. ಆ್ಯಪ್‌ನಲ್ಲಿ 'ಪೇ ಲೇಟರ್' ಒತ್ತಿ ಶೂ ತಗೊಂಡಿದ್ರೆ, ಅದರ ಹಿಂದೆ ಹೆಚ್ಚಾಗಿ ಒಂದು ಬ್ಯಾಂಕೋ ಫೈನಾನ್ಸ್ ಕಂಪನಿಯೋ ಇರುತ್ತೆ. 900 ರೂಪಾಯಿ ಆದ್ರೂ ಅದು ಸಾಲವೇ. ಕಟ್ಟೋದು ಮರೆತ್ರೆ 9 ಲಕ್ಷದ ಸಾಲದ ಹಾಗೇ ರಿಪೋರ್ಟ್‌ನಲ್ಲಿ ಒಂದು ಸಾಲು ಬೀಳುತ್ತೆ.

ಸ್ಕೋರ್ ಕಡಿಮೆ ಇದ್ರೆ ಹೆಚ್ಚಿನವರು ಆ ಅಂಕಿಯನ್ನೇ ದಿಟ್ಟಿಸ್ತಾ ಕೂರ್ತಾರೆ. ಆದ್ರೆ ಅಂಕಿ ಬರೀ ಔಟ್‌ಪುಟ್. ಡೀಬಗ್ ಮಾಡಬೇಕಾದದ್ದು ಇನ್‌ಪುಟ್ ಅನ್ನು, ಅಂದ್ರೆ ಕ್ರೆಡಿಟ್ ರಿಪೋರ್ಟ್ ಅನ್ನು. ನಮ್ಮ ದೇಶದಲ್ಲಿ ಇದನ್ನು ತಯಾರಿಸೋದು ನಾಲ್ಕು ಕಂಪನಿಗಳು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಆರ್‌ಬಿಐ ನಿಯಮದ ಪ್ರಕಾರ ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಲೇಬೇಕು. ನಿಮ್ಮದನ್ನು ನೀವೇ ನೋಡಿದ್ರೆ ಸ್ಕೋರ್ ಕಮ್ಮಿ ಆಗಲ್ಲ. ಸುಮ್ನೆ ಹೆದರ್ಬೇಡಿ.

ರಿಪೋರ್ಟ್‌ನಲ್ಲಿ ಪ್ರತಿ ಸಾಲಕ್ಕೂ ತಿಂಗಳು ತಿಂಗಳ ಒಂದು ಪಟ್ಟಿ ಇರುತ್ತೆ. ಅದರಲ್ಲಿ 'ಡಿಪಿಡಿ' ಅಂತ ನೋಡಿ, ಅಂದ್ರೆ ಕಂತು ಎಷ್ಟು ದಿನ ತಡ ಆಯ್ತು ಅನ್ನೋ ಲೆಕ್ಕ. 000 ಇದ್ರೆ ನಿರಾಳ. 030, 060 ಅಂತ ಏರ್ತಾ ಹೋದ್ರೆ ರೋಗ ಅಲ್ಲೇ ಇದೆ. ನಿಮ್ಮದಲ್ಲದ ಸಾಲ ಕಂಡ್ರೆ, ತೀರಿಸಿದ್ದು ಇನ್ನೂ ಬಾಕಿ ಅಂತಿದ್ರೆ, ಆ ಕಂಪನಿಯ ವೆಬ್‌ಸೈಟ್‌ನಲ್ಲೇ ತಕರಾರು ಹಾಕಿ. ಅವರಾಗೇ ತಿದ್ದೋ ಹಾಗಿಲ್ಲ, ಸಾಲ ಕೊಟ್ಟ ಬ್ಯಾಂಕನ್ನು ಕೇಳಿ ತಿದ್ದಬೇಕು. ಅದಕ್ಕೆ 30 ದಿನ ಟೈಮ್. ದಾಟಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಿಗಬೇಕು ಅಂತ ಆರ್‌ಬಿಐ ಹೇಳಿದೆ. ಈ ನಿಯಮ ಗೊತ್ತಿರೋರು ಬಹಳ ಕಮ್ಮಿ.

ತಪ್ಪಿಲ್ಲ, ನಿಜವಾಗ್ಲೂ ಬಾಕಿ ಇದೆ ಅಂದ್ರೆ ಕಟ್ಟೋದೊಂದೇ ದಾರಿ. ಇಲ್ಲಿ ಒಂದು ಬಲೆ ಇದೆ. 40,000 ಬಾಕಿಗೆ '25,000 ಕೊಡಿ, ಮುಗಿಸಿಬಿಡೋಣ' ಅಂತ ಫೋನ್ ಬರಬಹುದು. ಒಪ್ಪಿದ್ರೆ ಕಾಟ ನಿಲ್ಲುತ್ತೆ, ಆದ್ರೆ ರಿಪೋರ್ಟ್‌ನಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಬರುತ್ತೆ. ಮುಂದಿನ ಬ್ಯಾಂಕ್ ಅದನ್ನು 'ಪೂರ್ತಿ ಕೊಡಲಿಲ್ಲ' ಅಂತಲೇ ಓದೋದು. ಆದಷ್ಟೂ ಪೂರ್ತಿ ಕಟ್ಟಿ, 'ನೋ ಡ್ಯೂಸ್' ಪತ್ರ ಕೇಳಿ ಇಟ್ಕೊಳ್ಳಿ.

ಕ್ರೆಡಿಟ್ ಕಾರ್ಡ್ ಇರೋರಿಗೆ ಇನ್ನೊಂದು ಮಾತು. 20,000 ಲಿಮಿಟ್‌ನಲ್ಲಿ 18,000 ಖರ್ಚು ಮಾಡಿ ಸರಿಯಾದ ದಿನಕ್ಕೆ ಕಟ್ಟಿದ್ರೂ, ರಿಪೋರ್ಟ್‌ಗೆ ಹೋಗೋದು ಶೇ. 90 ಬಳಕೆ ಅಂತ. ಶೇ. 30ರ ಒಳಗಿದ್ರೆ ಒಳ್ಳೇದು ಅನ್ನೋದು ರೂಢಿಯ ಲೆಕ್ಕ. ಬಿಲ್ ತಯಾರಾಗೋ ಮೊದಲೇ ಒಂದಿಷ್ಟು ಕಟ್ಟಿಬಿಡಿ. ಒಂದು ಕಡೆ ಸಾಲ ಸಿಗಲಿಲ್ಲ ಅಂತ ಒಂದೇ ವಾರದಲ್ಲಿ ಐದು ಆ್ಯಪ್‌ಗೆ ಅರ್ಜಿ ಹಾಕೋದಂತೂ ಬೇಡವೇ ಬೇಡ, ಪ್ರತಿ ಅರ್ಜಿಯೂ ದಾಖಲಾಗುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಸ್ಕೋರ್ ನಾಳೆಯೇ ಏರಲ್ಲ. ಬ್ಯಾಂಕುಗಳು ಮಾಹಿತಿ ಕಳಿಸೋದು 2025ರಲ್ಲಿ ಕನಿಷ್ಠ 15 ದಿನಕ್ಕೊಮ್ಮೆ ಆಯ್ತು, ಅದಕ್ಕೂ ಮೊದಲು ತಿಂಗಳಿಗೊಮ್ಮೆ ಇತ್ತು. ಆದ್ರೆ ಸಿಬಿಲ್ ರಿಪೋರ್ಟ್ 36 ತಿಂಗಳ ಕಂತಿನ ಇತಿಹಾಸ ತೋರಿಸುತ್ತೆ. ಇಸಿಯವರಿಗೆ ಹೇಳೋದಾದ್ರೆ ಇದು ಲೋ-ಪಾಸ್ ಫಿಲ್ಟರ್ ಥರ, ಒಂದು ಒಳ್ಳೇ ತಿಂಗಳಿಗೆ ಅಲ್ಲಾಡಲ್ಲ. '7 ದಿನದಲ್ಲಿ 750 ಮಾಡಿಕೊಡ್ತೀವಿ' ಅನ್ನೋ ಜಾಹೀರಾತು ಸುಳ್ಳು ಅಂತ ಇದರಿಂದಲೇ ಗೊತ್ತಾಗುತ್ತೆ. ಸರಿಯಾದ ದಾಖಲೆಯನ್ನು ದುಡ್ಡು ಕೊಟ್ಟು ಅಳಿಸೋಕೆ ಆಗಲ್ಲ.

ಇದುವರೆಗೆ ಸಾಲವನ್ನೇ ಮಾಡದವರಿಗೆ 'ಎನ್‌ಎಚ್' ಅಂತ ಬರುತ್ತೆ. ಅದು ಕೆಟ್ಟ ಸ್ಕೋರ್ ಅಲ್ಲ, ಇತಿಹಾಸ ಇಲ್ಲ ಅಷ್ಟೇ.

ನಮ್ಮಲ್ಲಿ ಹೆಚ್ಚು ಜನಕ್ಕೆ ತಟ್ಟೋ ವಿಷಯ ಎಜುಕೇಶನ್ ಲೋನ್. ಅದರಲ್ಲಿ ಅಪ್ಪನೋ ಅಮ್ಮನೋ ಜಂಟಿ ಸಾಲಗಾರರು. ಅವರ ಸ್ಕೋರ್ ಬಿದ್ದಿದ್ರೆ ನಮ್ಮ ಅರ್ಜಿ ಒದ್ದಾಡುತ್ತೆ. ಅವರು ಸ್ವಂತ ಸಾಲವೇ ಮಾಡಿರಬೇಕಂತಿಲ್ಲ. ಯಾವತ್ತೋ ಚಿಕ್ಕಪ್ಪನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ರೆ ಅದೂ ಅವರ ರಿಪೋರ್ಟ್‌ನಲ್ಲಿ ಬರಬಹುದು. ಎಂಎಸ್‌ಗೆ ಅಂತ ಪ್ಲಾನ್ ಇರೋರು ಅಡ್ಮಿಶನ್ ಲೆಟರ್ ಬಂದ ಮೇಲಲ್ಲ, ಈಗಲೇ ಮನೆಯವರ ರಿಪೋರ್ಟ್ ತೆಗೆಸಿ ನೋಡಿ. ತಿದ್ದೋಕೆ ತಿಂಗಳುಗಳು ಬೇಕು.

ಇದರ ಉಲ್ಟಾನೂ ಇದೆ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇರಲ್ಲ, ಬಡ್ಡಿ ಮಾತ್ರ ಸೇರ್ತಿರುತ್ತೆ. ಆಮೇಲೆ ಇಎಂಐ ಶುರು. ಅಷ್ಟೊತ್ತಿಗೆ ನಾವು ಬೆಂಗಳೂರಲ್ಲೋ ಪುಣೆಯಲ್ಲೋ ಇರ್ತೀವಿ, ಸಂಬಳ ಹೊಸ ಖಾತೆಗೆ ಬರ್ತಿರುತ್ತೆ, ಕಂತು ಮಾತ್ರ ಊರಿನ ಶಾಖೆಯ ಖಾಲಿ ಖಾತೆಯಿಂದ ಕಡಿಯೋಕೆ ನೋಡುತ್ತೆ. ಬೌನ್ಸ್ ಆದ್ರೆ ನಮ್ಮ ರಿಪೋರ್ಟ್ ಜೊತೆ ಅಪ್ಪನದ್ದೂ ಕೆಡುತ್ತೆ, ತಂಗಿಯ ಸೀಟಿಗೆ ಅವರು ಸಾಲ ಕೇಳೋಕೆ ಹೋದಾಗ ಗೊತ್ತಾಗುತ್ತೆ. ಮೊದಲ ಸಂಬಳ ಬಂದ ವಾರವೇ ಆಟೋ ಡೆಬಿಟ್ ಅನ್ನು ಹೊಸ ಖಾತೆಗೆ ಬದಲಾಯಿಸಿ, ಬ್ಯಾಂಕ್‌ನಲ್ಲಿರೋ ಮೊಬೈಲ್ ನಂಬರ್ ಹಳೇದಾಗಿದ್ರೆ ಅದನ್ನೂ.