ಸಾಣೆ ಹಿಡಿದ ಕಲ್ಲು

ಮಕ್ಕಳೇ, ಮನೆಯಲ್ಲಿ ತಾತನ ಹಳೆಯ ಎಚ್‌ಎಂಟಿ ವಾಚ್ ಇದ್ದರೆ ಅದರ ಮುಖವನ್ನು ಸರಿಯಾಗಿ ಓದಿ. ಎಷ್ಟೋ ವಾಚುಗಳಲ್ಲಿ ‘17 ಜ್ಯುವೆಲ್ಸ್’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಅಂದರೆ ಒಳಗೆ ಹದಿನೇಳು ರತ್ನ! ಕೀ ಕೊಡುವ ವಾಚಿನ ಗಾಲಿಗಳ ಅಚ್ಚು ಸವೆಯದಂತೆ ಆಸರೆಯಾಗಿ ಕೂರಿಸುವ ಪುಟ್ಟ ಕೆಂಪು ಕಲ್ಲುಗಳು ಅವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಈ ವಾಚ್ ಕಾರ್ಖಾನೆ ಶುರುವಾಯಿತು, ಆಮೇಲೆ ತುಮಕೂರಿನಲ್ಲೂ ಬಂತು. ನಮ್ಮ ಅರಿಶಿನಕುಂಟೆ ಇವೆರಡರ ನಡುವಿನ ದಾರಿಯಲ್ಲೇ ಇದೆ.

ವಾಚಿನ ಕಲ್ಲು ಗಣಿಯದಲ್ಲ. ಅಲ್ಯೂಮಿನಾ ಪುಡಿಗೆ ಚಿಟಿಕೆ ಕ್ರೋಮಿಯಂ ಸೇರಿಸಿ, ಉರಿಯಲ್ಲಿ ಕರಗಿಸಿ ಬೆಳೆಸುವ ಮಾಣಿಕ್ಯ. ಈ ವಿಧಾನವನ್ನು ಫ್ರಾನ್ಸಿನ ವೆರ್ನ್ಯೂಯಿ ಎಂಬ ವಿಜ್ಞಾನಿ 1902ರಲ್ಲಿ ಲೋಕಕ್ಕೆ ತಿಳಿಸಿದರು.

ಮಾಣಿಕ್ಯ, ನೀಲ ಎರಡೂ ಕುರಂದ ಎಂಬ ಖನಿಜದ ಜಾತಿ. ಗಟ್ಟಿತನದಲ್ಲಿ ವಜ್ರಕ್ಕೆ 10 ಅಂಕವಾದರೆ ಕುರಂದಕ್ಕೆ 9. ನಮ್ಮ ಮೈಸೂರು ಸೀಮೆಯಲ್ಲೂ ಅದು ಸಿಗುತ್ತದೆ. ಹಿಂದಿನ ಕಸುಬುದಾರರು ಅದರ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಚಕ್ರ ಮಾಡುತ್ತಿದ್ದರು. ಬಿಲ್ಲಿನ ಹಗ್ಗವನ್ನು ಅಚ್ಚಿಗೆ ಸುತ್ತಿ ಒಂದು ಕೈಯಲ್ಲಿ ಹಿಂದೆ ಮುಂದೆ ಎಳೆಯುವುದು, ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸಿದ ಕಲ್ಲನ್ನು ಇನ್ನೊಂದು ಕೈಯಲ್ಲಿ ಚಕ್ರಕ್ಕೆ ಒತ್ತುವುದು. ಕೋನ ಅಳೆಯಲು ಕಣ್ಣೇ ಸಾಧನ.

ವಜ್ರಕ್ಕೆ ಮಾತ್ರ ವಜ್ರದ ಪುಡಿಯೇ ಆಗಬೇಕು. 17ನೇ ಶತಮಾನದಲ್ಲಿ ಬಂದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ, ಬಿಜಾಪುರದಿಂದ ಎಂಟೊಂಬತ್ತು ದಿನದ ದಾರಿಯ ಒಂದು ಗಣಿಯಲ್ಲಿ ಕಂಡದ್ದನ್ನು ಬರೆದಿದ್ದಾನೆ. ಊಟದ ತಟ್ಟೆಯಷ್ಟಗಲದ ಉಕ್ಕಿನ ಚಕ್ರ, ಚಕ್ರಕ್ಕೆ ಒಂದೇ ಕಲ್ಲು. ಮೊದಲು ನೀರು; ಕಲ್ಲಿನ ಎಳೆ ಸಿಕ್ಕ ಮೇಲೆ ಎಣ್ಣೆ, ವಜ್ರದ ಪುಡಿ. ಕಲ್ಲು ನಿರ್ಮಲವಾಗಿದ್ದರೆ ನಮ್ಮವರು ಚಕ್ರಕ್ಕೆ ತಾಗಿಸಿ ಬಿಟ್ಟುಬಿಡುತ್ತಿದ್ದರಂತೆ, ಕಲೆಯಿದ್ದರೆ ಮಾತ್ರ ಅದನ್ನು ಮರೆಸಲು ಹಲವು ಮುಖ ಕಡೆಯುತ್ತಿದ್ದರಂತೆ. ತೂಕ ಹೋಗಬಾರದಲ್ಲ! ಯುರೋಪಿನವರ ಲೆಕ್ಕ ಬೇರೆ: ತೂಕ ಹೋದರೂ ಸರಿ, ಹೊಳಪು ಬರಲಿ. 1852ರಲ್ಲಿ ಲಂಡನ್ನಿನಲ್ಲಿ ಉಗಿಯಂತ್ರ ತಿರುಗಿಸುವ ಚಕ್ರಕ್ಕೆ ಕೊಹಿನೂರನ್ನು ಕೊಟ್ಟು 38 ದಿನ ಉಜ್ಜಿದರು. ಸುಮಾರು 191 ಕ್ಯಾರೆಟ್ಟಿನ ಕಲ್ಲು 106ಕ್ಕೆ ಇಳಿಯಿತು. ಐದು ಕ್ಯಾರೆಟ್ಟಿಗೆ ಒಂದು ಗ್ರಾಂ. ಪುಡಿಯಾಗಿ ಹೋದದ್ದೆಷ್ಟು, ನೀವೇ ಲೆಕ್ಕ ಹಾಕಿ. ನನಗಂತೂ ಹೊಟ್ಟೆ ಉರಿಯುತ್ತದೆ.

ನಾನು ಬ್ಯಾಂಕಿನಲ್ಲಿ ಒಡವೆ ಸಾಲದ ಮೇಜಿನಲ್ಲಿದ್ದಾಗ, ತೂಕ ನೋಡುವ ಆಚಾರ್ರು ಕಲ್ಲಿನ ತೂಕ ಕಳೆದು ಚಿನ್ನಕ್ಕಷ್ಟೇ ಬೆಲೆ ಕಟ್ಟುತ್ತಿದ್ದರು. ‘ನಮ್ಮಜ್ಜಿ ಕಾಲದ ಕೆಂಪಿನ ಓಲೆ ಸಾರ್, ಕಲ್ಲಿಗೇನೂ ಇಲ್ವಾ?’ ಎಂದು ಹೆಂಗಸರು ಕೇಳುತ್ತಿದ್ದರು. ಗಣಿಯದೋ ಕಾರ್ಖಾನೆಯದೋ, ಬರಿಗಣ್ಣಿಗೆ ಹೇಗೆ ತಿಳಿಯಬೇಕು? ಭೂತಗನ್ನಡಿ ಹಿಡಿದರೆ ವೆರ್ನ್ಯೂಯಿ ವಿಧಾನದ ಕಲ್ಲಿನಲ್ಲಿ ಬಾಗಿದ ಗೆರೆಗಳೋ ಗಾಳಿಗುಳ್ಳೆಗಳೋ ಕಾಣಬಹುದು.

ಈಗ ಸೂರತ್ತಿನಲ್ಲಿ ವಜ್ರವನ್ನು ಕಂಪ್ಯೂಟರ್ ಅಳೆಯುತ್ತದೆ, ಲೇಸರ್ ಕೊಯ್ಯುತ್ತದೆ. ಮುಖಗಳಿಗೆ ಹೊಳಪು ಕೊಡಲು ಮಾತ್ರ ಇವತ್ತಿಗೂ ತಿರುಗುವ ಚಕ್ರವೇ, ವಜ್ರದ ಪುಡಿಯೇ.