ಕೋಶ ಕತ್ತರಿಸಿ ಎಸೆಯುವ ತುಣುಕು

ಬೆಂಗಳೂರಿರಲಿ, ದುಬೈ ಇರಲಿ, ನಮ್ಮ ಮನೆಗಳಲ್ಲಿ ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕ್ತೀವಿ. ಬೆಳಗ್ಗೆ ನೋಡಿದರೆ ಪಾತ್ರೆಯೆಲ್ಲ ಮೊಸರು. ಪ್ರಿಯಾನ್ ರೋಗ ಮಿದುಳಲ್ಲಿ ಹರಡೋದೂ ಹೆಚ್ಚುಕಮ್ಮಿ ಹೀಗೇ. ತಪ್ಪಾಗಿ ಮಡಚಿಕೊಂಡ ಒಂದು ಪ್ರೋಟೀನ್, ಪಕ್ಕದಲ್ಲಿ ಸರಿಯಾಗಿದ್ದ ಪ್ರೋಟೀನನ್ನೂ ತನ್ನ ಆಕಾರಕ್ಕೆ ತಿರುಗಿಸುತ್ತೆ. ಹೆಪ್ಪಿನಲ್ಲಾದರೂ ಬ್ಯಾಕ್ಟೀರಿಯಾ ಇರುತ್ತೆ, ಇಲ್ಲಿ ಜೀವವೇ ಇಲ್ಲ. 1982ರಲ್ಲಿ ಸ್ಟ್ಯಾನ್ಲಿ ಪ್ರುಸಿನರ್ ಇದನ್ನು ಹೇಳಿದಾಗ ಬಹಳ ಜನ ಒಪ್ಪಲಿಲ್ಲ. 1997ರಲ್ಲಿ ಅವರಿಗೆ ನೊಬೆಲ್ ಬಂತು. ರೋಗ ವಾಸಿಮಾಡುವ ಔಷಧಿ ಮಾತ್ರ ಇನ್ನೂ ಬಂದಿಲ್ಲ. ಕ್ರೂಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ ಕಾಣಿಸಿಕೊಂಡವರಲ್ಲಿ ಬಹುತೇಕರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ.

ಇವತ್ತು ನಾವು ಹೋಗೋದು ಅಬುಧಾಬಿಗೆ. ಸಾದಿಯಾತ್ ದ್ವೀಪದಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿಯ ಕ್ಯಾಂಪಸ್ ಇದೆ. ಅಲ್ಲಿ ಪ್ರೋಟೀನ್‌ಗಳ ತಪ್ಪು ಮಡಿಕೆಯ ಮೇಲೆ ಕೆಲಸ ಮಾಡುವವರು ಮಾಝಿನ್ ಮಗ್ಝೂಬ್. ಅವರ ದಾರಿ ಶುರುವಾಗಿದ್ದು ಸ್ಟಾಕ್‌ಹೋಮ್‌ನಲ್ಲಿ, ಹೆಚ್ಚುಕಮ್ಮಿ ಕಸದ ಬುಟ್ಟಿಯಿಂದ ಅನ್ನಿ.

ಹಸುವಿನ ಪ್ರಿಯಾನ್ ಪ್ರೋಟೀನ್ ತಯಾರಾಗುವಾಗ ಅದರ ತುದಿಯಲ್ಲಿ 24 ಅಮೈನೋ ಆಮ್ಲಗಳ ಒಂದು ವಿಳಾಸದ ಚೀಟಿ ಇರುತ್ತೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾದ ಮೇಲೆ ಜೀವಕೋಶ ಅದನ್ನು ಕತ್ತರಿಸಿ ಎಸೆಯುತ್ತೆ. ಒಂದು ವೇಳೆ ಕತ್ತರಿಸದೇ ಉಳಿದರೆ? ಚೀಟಿಯೂ ಅದರ ಪಕ್ಕದ ಆರು ಅಮೈನೋ ಆಮ್ಲಗಳೂ ಸೇರಿದ 30ರ ತುಂಡು ಜೀವಕೋಶದೊಳಗೆ ತಾನೇ ನುಗ್ಗುತ್ತೆ. ಬೆನ್ನ ಮೇಲೆ ದೊಡ್ಡ ಹೊರೆ ಕಟ್ಟಿದರೂ ನುಗ್ಗುತ್ತೆ! ಮಗ್ಝೂಬ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ್ದು, ಅದು ಒಳಗೆ ಹೋಗುವ ಬಗೆಯನ್ನು. ಎರಡು ವರ್ಷದ ನಂತರ ಸ್ಟಾಕ್‌ಹೋಮ್‌ನ ಸಂಶೋಧಕರು ಇಂಥ ತುಣುಕುಗಳನ್ನು ಪ್ರಿಯಾನ್ ಸೋಂಕಿದ ಇಲಿಯ ನರಕೋಶಗಳಿಗೆ ಹಾಕಿದರು. ರೋಗದ ಪ್ರೋಟೀನ್ ಕಡಿಮೆಯಾಯಿತು. ಪ್ರಿಯಾನ್‌ನ ತುಂಡೇ ಪ್ರಿಯಾನ್‌ಗೆ ಅಡ್ಡಗಾಲು ಹಾಕಿತ್ತು.

ಮುಂದೆ ಯೇಲ್‌ನಲ್ಲಿ ಮಗ್ಝೂಬ್ ನೋಡಿದ್ದು ಟೈಪ್ 2 ಮಧುಮೇಹದಲ್ಲಿ ಮೇದೋಜ್ಜೀರಕ ಗ್ರಂಥಿಯೊಳಗೆ ಗಂಟುಗಟ್ಟುವ ಪ್ರೋಟೀನನ್ನು. ಬೇರೆ ಕಾಯಿಲೆ, ಅದೇ ತಪ್ಪು ಮಡಿಕೆ. ಅಬುಧಾಬಿಗೆ ಬಂದ ಮೇಲೆ ಹಳೇ ತುಣುಕನ್ನು ಮತ್ತೆ ಕೈಗೆತ್ತಿಕೊಂಡರು. ಪ್ರಿಯಾನ್‌ನ ಆ ಆರು ಅಮೈನೋ ಆಮ್ಲಗಳನ್ನು ಉಳಿಸಿಕೊಂಡು, ಚೀಟಿಯನ್ನು ಮಾತ್ರ ಇನ್ನೊಂದು ಪ್ರೋಟೀನಿನದಕ್ಕೆ ಬದಲಾಯಿಸಿದರು. 2020ರಲ್ಲಿ ಬಂದ ಪ್ರಬಂಧದ ಪ್ರಕಾರ, ಆಲ್ಝೈಮರ್‌ನಲ್ಲಿ ಗಂಟಾಗುವ ಅಮೈಲಾಯ್ಡ್-ಬೀಟಾವನ್ನು ಈ ಹೊಸ ತುಣುಕು ತಡೆಯಿತು, ಅದರ ವಿಷದಿಂದ ಜೀವಕೋಶಗಳನ್ನೂ ಕಾಪಾಡಿತು.

ನಮಗೆ ಹೆಚ್ಚು ಅಚ್ಚರಿ ತಂದಿದ್ದು 2021ರ ಕೆಲಸ. ಕ್ಯಾನ್ಸರ್ ತಡೆಯಬೇಕಾದ ಪಿ53 ಪ್ರೋಟೀನ್ ಕೂಡ ಕೆಟ್ಟರೆ ಗಂಟುಗಟ್ಟಬಲ್ಲದು. ಅಮೈಲಾಯ್ಡ್ ತಡೆಯಲೆಂದು ರೂಪಿಸಿದ ಬಗೆಯ ಎಡಿಎಚ್-6 ಎಂಬ ಅಣು ಆ ಗಂಟನ್ನು ಬಿಡಿಸಿತು, ಇಲಿಗಳಲ್ಲಿ ಗೆಡ್ಡೆ ಕುಗ್ಗಿತು.

ಊರಿಗೆ ಫೋನ್ ಮಾಡಿದಾಗ "ಯಾರಪ್ಪ ಮಾತಾಡ್ತಿರೋದು?" ಅಂತ ಅಮ್ಮ ಕೇಳೋ ಮನೆಗಳು ನಮ್ಮ ಕೇಳುಗರಲ್ಲೂ ಇವೆ. ಅವರಿಗೆ ಬಿಚ್ಚಿ ಹೇಳಿಬಿಡ್ತೀವಿ: ಇಲ್ಲಿ ಹೇಳಿದ್ದೆಲ್ಲ ಜೀವಕೋಶ ಮತ್ತು ಇಲಿಗಳಲ್ಲಿ ಕಂಡಿದ್ದು. ಇದರಲ್ಲಿ ಯಾವುದೂ ಇನ್ನೂ ಡಾಕ್ಟರ್ ಬರೆದುಕೊಡೋ ಔಷಧಿ ಅಲ್ಲ.