ಪಂಪಿನ ‘ಬುದ್ಧಿವಂತ’ ಪೆಟ್ಟಿಗೆಗೆ ಸಾಲ ಕೊಡುವ ಮುನ್ನ



ಮಣ್ಣು ಒಣಗಿದರೆ ಮೊಬೈಲಿಗೆ ಸುದ್ದಿ ಕೊಡುವ, ಟ್ಯಾಂಕ್ ತುಂಬಿದರೆ ಪಂಪ್ ನಿಲ್ಲಿಸುವ ಪೆಟ್ಟಿಗೆಗಳು ಈಗ ಮಾರಾಟಕ್ಕಿವೆ. ಇದಕ್ಕೆ ಸಂಘದಿಂದ ಸಾಲ ಕೊಡಬಹುದಾ ಅಂತ ಕೆಲವರು ನಮ್ಮನ್ನು ಕೇಳಿದ್ದಾರೆ. ಮೊದಲು ಅದರೊಳಗೆ ಏನಿದೆ ನೋಡೋಣ.

ಇಂಥ ಅನೇಕ ಪೆಟ್ಟಿಗೆಗಳಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಬೋರ್ಡು ಇರುತ್ತದೆ. ಅದೊಂದು ಪುಟ್ಟ ಕಂಪ್ಯೂಟರ್. ವೈಫೈ ಸಹ ಅದರಲ್ಲೇ ಇದೆ. 2014ರಲ್ಲಿ ಚೀನಾದ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್ ಬಂದ ಮೇಲೆ ಇವುಗಳ ಬೆಲೆ ಬಹಳ ಇಳಿಯಿತು. 2016ರ ಇಎಸ್‌ಪಿ32ರಲ್ಲಿ ಬ್ಲೂಟೂತ್ ಕೂಡ ಸೇರಿತು. ಇಂದು ಬೋರ್ಡಿಗೆ ಕೆಲವೇ ನೂರು ರೂಪಾಯಿ. ಉಳಿದದ್ದು ಸೆನ್ಸರ್, ರಿಲೇ, ಪೆಟ್ಟಿಗೆ, ಜೋಡಿಸುವ ಕೂಲಿ ಮತ್ತು ಲಾಭ. ಆದ್ದರಿಂದ ಬಿಡಿಬಿಡಿಯಾಗಿ ಲೆಕ್ಕ ಕೇಳಿ.

ಇನ್ನೂ ಕೇಳಬೇಕಾದದ್ದು:

1. ತೋಟ ಎಷ್ಟು ದೂರ? ವೈಫೈ ಸಾಮಾನ್ಯವಾಗಿ ಕೆಲವು ಹತ್ತು ಮೀಟರ್ ಮಾತ್ರ ಸಿಗುತ್ತೆ. ಕಿಲೋಮೀಟರ್ ದೂರಕ್ಕೆ ಲೋರಾ ಎಂಬ ರೇಡಿಯೊ ಅಥವಾ ಸಿಮ್ ಬೇಕು.

2. ಸೆನ್ಸರ್ ಎಂಥದ್ದು? ಮಣ್ಣಿಗೆ ಚುಚ್ಚುವ ಬರಿಯ ಲೋಹದ ಕಡ್ಡಿ ಬೇಗ ಸವೆದುಹೋಗುತ್ತೆ. ‘ಕೆಪಾಸಿಟಿವ್’ ಸೆನ್ಸರ್ ಹೆಚ್ಚು ಬಾಳುತ್ತೆ.

3. ಬೋರ್ಡು ಕೆಟ್ಟರೆ ಪಂಪನ್ನು ಕೈಯಿಂದ ನಿಲ್ಲಿಸುವ ಸ್ವಿಚ್ ಇದೆಯಾ?

ಜೋಪಾನ! ಬೋರ್ಡಿನದು 3.3 ವೋಲ್ಟ್, ಪಂಪಿನದು 230 ಅಥವಾ 415 ವೋಲ್ಟ್. ಇವನ್ನು ನೇರವಾಗಿ ಜೋಡಿಸಿದರೆ ಪ್ರಾಣಕ್ಕೇ ಅಪಾಯ. ಈ ಕೆಲಸ ಎಲೆಕ್ಟ್ರಿಷಿಯನ್ನೇ ಮಾಡಲಿ.

ಒಬ್ಬರ ತೋಟದಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ನಡೆಸಿ ನೋಡಿ; ಆಮೇಲೆ ಉಳಿತಾಯದ ಹಣ ಹಾಕಿ. ಐಟಿಐ ಓದುವ ನಮ್ಮ ಹೆಣ್ಣುಮಕ್ಕಳು ಇದನ್ನು ಕಲಿತರೆ ರಿಪೇರಿಯೂ ಊರಲ್ಲೇ ಆದೀತು. ಮುಂದಿನ ಸಭೆಯಲ್ಲಿ ಚರ್ಚಿಸಿ.